ಟೈರು ಗೋಡೌನಿನ ಬೆಕ್ಕುಗಳು

ಅವತ್ತು ಬೆಳಿಗ್ಗೆ ನಮ್ಮ ಅತ್ತೆ ಕಿಬಾ-ದಾಚಿ ಎಂಬ ಕರಾಟೆ ನಿಲುವಿನಲ್ಲಿ ನಿಂತು ಹಲ್ಲುಜ್ಜುತ್ತಿದ್ದರು. ಬಚ್ಚಲುಮನೆಯ ಬಾಗಿಲು ಹಾರುಹೊಡೆದಿತ್ತು. ಎರಡೂ ಕಾಲು ಅಗಲಿಸಿ, ಪಾದಗಳನ್ನು ನೇರ ಮುಂದಕ್ಕಿಟ್ಟು, ಮಂಡಿ ಬಗ್ಗಿಸಿ, ಇಲ್ಲದ ಕುದುರೆಯ ಮೇಲೆ ಕೂತವರ ಹಾಗೆ ನಿಂತು, ಬಾಯಿ ತುಂಬ ನೊರೆ ಇಟ್ಟುಕೊಂಡು ಕನ್ನಡಿಯಲ್ಲಿ ತಮ್ಮನ್ನು ತಾವೇ ದುರುಗುಟ್ಟಿಕೊಂಡು ನೋಡುತ್ತಿದ್ದರು.

“ಅತ್ತೆ, ಮಂಡಿಗೆ ರೆಸ್ಟ್ ಕೊಡಿ ಅಂತ ಡಾಕ್ಟ್ರು ಹೇಳಿಲ್ವಾ?” ಅಂದೆ.

ಅವರು ನಿಧಾನವಾಗಿ ನೊರೆ ಉಗುಳಿದರು. “ಆಪರೇಷನ್ ಆದ್ಮೇಲೆ ರೆಸ್ಟೋ ರೆಸ್ಟು ಅಂದಿದಾರೆ. ಈಗ್ಲೇ ಯಾಕೆ ಅಡ್ವಾನ್ಸ್ ಕೊಡ್ಲಿ? ನೀನು ಮೊದ್ಲು ಕೋಕುತ್ಸು ಯಾವುದು, ಝೆನ್‌ಕುತ್ಸು ಯಾವುದು ಸರಿಯಾಗಿ ಹೇಳು ನೋಡೋಣ.”

ವಿಷಯ ಇಷ್ಟೇ. ಅವತ್ತು ನಮ್ಮಿಬ್ಬರಿಗೂ ಕರಾಟೆಯ ಕಪ್ಪು ಬೆಲ್ಟಿನ ಪರೀಕ್ಷೆ. ವರ್ಷಕ್ಕೊಮ್ಮೆ ಮಾತ್ರ ನಡೆಯುವ ಪರೀಕ್ಷೆ. ನಾನು ಡುಮ್ಕಿ ಹೊಡೆದರೆ ಬರುವ ವರ್ಷ ಮತ್ತೆ ಹೋಗಬಹುದು. ಅತ್ತೆಗೆ ಬರುವ ವರ್ಷ ಅನ್ನುವುದು ಇರಲಿಲ್ಲ. ಅವರ ಬಲಮಂಡಿ ಸವೆದುಹೋಗಿತ್ತು. ಮುಂದಿನ ವಾರ ಅದನ್ನು ತೆಗೆದು ಹೊಸದು ಕೂರಿಸುವುದೆಂದು ಆಸ್ಪತ್ರೆಯಲ್ಲಿ ದಿನ ಗೊತ್ತಾಗಿತ್ತು. ಆಮೇಲೆ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಆದರೆ ತಗ್ಗಿ ನಿಲ್ಲುವ ಕರಾಟೆ ಬಂದ್ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅತ್ತೆಯ ಸೊಂಟಕ್ಕೆ ಕಪ್ಪು ಬೆಲ್ಟು ಬರುವುದಿದ್ದರೆ ಇವತ್ತು ಬರಬೇಕು, ಇಲ್ಲದಿದ್ದರೆ ಇಲ್ಲ.

ಅತ್ತೆ ಕರಾಟೆಗೆ ಸೇರಿದ್ದೇ ನನ್ನ ಮೇಲೆ ಕಣ್ಣಿಡುವುದಕ್ಕೆ. ಇದನ್ನು ಅವರ ಎದುರಿಗೇ ಹೇಳುತ್ತೇನೆ, ಅವರೂ ಅಲ್ಲಗಳೆಯುವುದಿಲ್ಲ. ನಾನು ದರ್ಜಿ. ದಿನವಿಡೀ ಮೆಷಿನ್ನಿನ ಮುಂದೆ ಬಗ್ಗಿ ಕೂತು, ಪ್ಯಾಂಟುಗಳ ಜಿಪ್ಪು ಬದಲಿಸಿ, ಕೋಟುಗಳ ತೋಳು ಗಿಡ್ಡ ಮಾಡಿ ಬೆನ್ನು ಬಿಲ್ಲಾಗಿತ್ತು. ಏನಾದರೂ ವ್ಯಾಯಾಮ ಮಾಡು ಎಂದು ಎಲ್ಲರೂ ತಲೆ ತಿನ್ನುತ್ತಿದ್ದರು. ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ ಟೈರು ಮಾರುವವರೊಬ್ಬರು ಸಂಜೆ ಹೊತ್ತು ತಮ್ಮ ಗೋಡೌನಿನಲ್ಲೇ ಕರಾಟೆ ಕಲಿಸುತ್ತಿದ್ದರು. ಅವರನ್ನು ಎಲ್ಲರೂ ಟೈರ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅಲ್ಲಿ ಸೇರಿಕೊಂಡೆ. ಸೊಸೆ ದಿನಾ ಸಂಜೆ ಬೆವರು ಸುರಿಸಿಕೊಂಡು, ಕೆನ್ನೆ ಕೆಂಪಗೆ ಮಾಡಿಕೊಂಡು, ನಗುನಗುತ್ತ ಮನೆಗೆ ಬರುವುದನ್ನು ನೋಡಿ ಅತ್ತೆಯ ತಲೆಗೆ ಹುಳ ಹೊಕ್ಕಿತು. ಒಂದು ದಿನ ನನ್ನ ಹಿಂದೆಯೇ ಬಂದು, ಗೋಡೌನಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು.

“ಇಲ್ಲಿ ಕೂರೋ ಪದ್ಧತಿ ಇಲ್ಲಮ್ಮ. ನಿಲ್ಲೋದು ಮಾತ್ರ,” ಅಂದರು ಮೇಷ್ಟ್ರು.

ಅತ್ತೆ ಎದ್ದು ನಿಂತರು. “ಹೆಂಗೆ ನಿಲ್ಬೇಕು, ಹೇಳಿ,” ಅಂದರು. ಅಲ್ಲಿಂದ ಅವರನ್ನು ಕೂರಿಸುವುದು ಯಾರ ಕೈಯಲ್ಲೂ ಆಗಲಿಲ್ಲ.

ಕರಾಟೆಯಲ್ಲಿ ಹೊಡೆಯುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಸುತ್ತಾರೆ. ಒಂದೊಂದು ನಿಲುವಿಗೂ ಒಂದೊಂದು ಜಪಾನಿ ಹೆಸರು, ಕೊನೆಯಲ್ಲಿ ದಾಚಿ ಎಂಬ ಬಾಲ. ಮುಂದಿನ ಮಂಡಿ ಬಗ್ಗಿಸಿ, ಹಿಂದಿನ ಕಾಲು ನೆಟ್ಟಗೆ ಚಾಚಿ, ಭಾರವನ್ನೆಲ್ಲ ಮುಂದಕ್ಕೆ ಹಾಕಿದರೆ ಝೆನ್‌ಕುತ್ಸು-ದಾಚಿ. ಹಿಂದಿನ ಕಾಲಿನ ಮೇಲೆ ಭಾರ ಹಾಕಿ ಒರಗಿದರೆ ಕೋಕುತ್ಸು-ದಾಚಿ. ಮುಂದಿನ ಪಾದವನ್ನು ಹತ್ತಿರಕ್ಕೆ ಎಳೆದುಕೊಂಡು, ಹಿಮ್ಮಡಿ ಎತ್ತಿ, ಬೆರಳ ತುದಿಯನ್ನಷ್ಟೇ ನೆಲಕ್ಕೆ ಮುಟ್ಟಿಸಿದರೆ ನೆಕೋಆಶಿ-ದಾಚಿ. ಅಂದರೆ ಬೆಕ್ಕಿನ ಹೆಜ್ಜೆ. ಈ ಹೆಸರುಗಳು ನನ್ನ ನಾಲಿಗೆಗೆ ಹತ್ತಲೇ ಇಲ್ಲ. ನಾನು ನನ್ನದೇ ಹೆಸರಿಟ್ಟುಕೊಂಡಿದ್ದೆ. ಝೆನ್‌ಕುತ್ಸು ನನಗೆ ‘ಕೆಟ್ಟ ಗಾಡಿ ತಳ್ಳೋದು’. ಕೋಕುತ್ಸು ‘ಪಕ್ಕದ್ಮನೆ ನಾಯಿ ಬಂತು’. ಪಾದ ತಿರುಗಿಸಿ ಅಗಲಕ್ಕೆ ತಗ್ಗಿ ನಿಲ್ಲುವ ಶಿಕೋ-ದಾಚಿ ‘ಸೋಫಾ ಎತ್ತೋದು’. ಬೆರಳು ಒಳಕ್ಕೆ, ಮಂಡಿ ಒಳಕ್ಕೆ ಮಾಡಿ ಬಿಗಿದು ನಿಲ್ಲುವ ಸಾಂಚಿನ್-ದಾಚಿಗೆ ನಾನಿಟ್ಟ ಹೆಸರು ‘ಟಾಯ್ಲೆಟ್ ಕ್ಯೂ’. ಗೋಡೌನಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ಅತ್ತೆಯೊಬ್ಬರನ್ನು ಬಿಟ್ಟು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಹೆಸರು ತಪ್ಪಿದರೆ ಯಾರದೋ ಸಾವಿನ ಸುದ್ದಿ ಇನ್ಯಾರದೋ ಮನೆಗೆ ಹೋಗುತ್ತದೆ ಎಂದು ಹೆದರಿಕೊಂಡೇ ನೌಕರಿ ಮುಗಿಸಿದವರು. ಹೋದ ಹೋದಲ್ಲಿ ನನಗೆ ಪಾಠ ಶುರು.

“ಗಾಡಿ ತಳ್ಳೋದು ಅಲ್ಲ ಕಣೇ. ಝೆನ್‌ಕುತ್ಸು-ದಾಚಿ. ಅದಕ್ಕೊಂದು ಹೆಸರಿದೆ, ಹೆಸರು ಹಿಡಿದು ಕರಿ.”

“ಕರೆದ್ರೆ ಏನತ್ತೆ, ಓ ಅನ್ನತ್ತಾ?”

“ಅನ್ನತ್ತೆ. ನೀನು ಕರೆದಿಲ್ಲ, ಅದಕ್ಕೇ ಗೊತ್ತಿಲ್ಲ.”

ನನಗೆ ಮೂಗಿನ ತುದಿಯಲ್ಲೇ ಕೋಪ. ಪಾತ್ರೆ ಕುಕ್ಕಿ ಎದ್ದು ಹೋಗುತ್ತಿದ್ದೆ. ಅವರು ಅಡುಗೆಮನೆಯಲ್ಲಿ ಒಬ್ಬರೇ ಝೆನ್‌ಕುತ್ಸುವಿನಲ್ಲಿ ನಿಂತು ಈರುಳ್ಳಿ ಹೆಚ್ಚುತ್ತಿದ್ದರು.

ಪರೀಕ್ಷೆ ನಡೆದದ್ದು ದೊಡ್ಡ ಒಳಾಂಗಣ ಕ್ರೀಡಾಂಗಣದಲ್ಲಿ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಎಂಥ ಜಾಗ! ಈ ತುದಿಯಿಂದ ಆ ತುದಿಗೆ ಬರೀ ಮರದ ನೆಲ, ಮುಖ ಕಾಣುವಷ್ಟು ಹೊಳಪು. ನಮ್ಮ ಗೋಡೌನಿನಲ್ಲಿ ಎರಡೂ ಬದಿಗೆ ತಲೆಯ ಎತ್ತರಕ್ಕೆ ಟೈರುಗಳ ಅಟ್ಟಿ, ನಡುವೆ ಒಂದು ಓಣಿ, ಅಷ್ಟೇ ನಮ್ಮ ಪ್ರಪಂಚ. ಇಲ್ಲಿ ಬೇರೆ ಬೇರೆ ಕರಾಟೆ ಶಾಲೆಗಳ ಜನ ಸಾಲುಸಾಲಾಗಿ ಬಿಳಿ ಬಟ್ಟೆಯಲ್ಲಿ ನಿಂತಿದ್ದರು. ನಮ್ಮ ಗುಂಪಿನ ಎಲೆಕ್ಟ್ರಿಷಿಯನ್ ಬಾಯಿ ತೆರೆದುಕೊಂಡು ಚಾವಣಿಯ ದೀಪಗಳನ್ನೇ ನೋಡುತ್ತಿದ್ದ. ನನ್ನ ಗಂಡ ಮೇಲಿನ ಗ್ಯಾಲರಿಯಲ್ಲಿ ಫ್ಲಾಸ್ಕು, ಐಸಿನ ಚೀಲ, ಅಮ್ಮನ ದಿಂಬು ಎಲ್ಲ ಹರಡಿಕೊಂಡು ಕೂತು ಕೈ ಬೀಸುತ್ತಿದ್ದರು. ಟೈರ್ ಮೇಷ್ಟ್ರು ಕೋಟು ಹಾಕಿಕೊಂಡು ಬಂದಿದ್ದರು. ಆ ಕೋಟಿನ ತೋಳು ಗಿಡ್ಡ ಮಾಡಿದ್ದು ನಾನೇ.

ಪರೀಕ್ಷೆ ಮಾಡುವವರು ಒಬ್ಬ ಹಿರಿಯ ಹೆಂಗಸು. ಅತ್ತೆಯದೇ ವಯಸ್ಸಿರಬಹುದು. ಕುಳ್ಳಗೆ, ತೆಳ್ಳಗೆ, ಕತ್ತರಿಸಿದ ಬಿಳಿಗೂದಲು. ಅವರು ಬರಿಗಾಲಲ್ಲಿ ನಡೆದು ಬಂದರೆ ಸದ್ದೇ ಇಲ್ಲ. ಎಲ್ಲರೂ ಹಿಮ್ಮಡಿ ಕೂಡಿಸಿ ಮುಸುಬಿ-ದಾಚಿಯಲ್ಲಿ ನಿಂತು ತಲೆಬಾಗಿದೆವು. ಅವರು ನಮ್ಮ ಮುಖ ನೋಡಲಿಲ್ಲ, ಪಾದಗಳನ್ನೇ ನೋಡುತ್ತ ಒಂದು ಸುತ್ತು ಹಾಕಿದರು.

ಮೊದಲ ಭಾಗ ನಿಲುವುಗಳದು. ಅವರು ಹೆಸರು ಕೂಗಬೇಕು, ನಾವು ತಕ್ಷಣ ನಿಲ್ಲಬೇಕು. “ಕಿಬಾ-ದಾಚಿ!” ಧಪ್ ಎಂದು ಇಡೀ ಸಭಾಂಗಣ ಕುದುರೆ ಹತ್ತಿತು. “ಶಿಕೋ-ದಾಚಿ!” ಸೋಫಾ ಎತ್ತಿದೆ. “ಸಾಂಚಿನ್-ದಾಚಿ!” ಕ್ಯೂ ನಿಂತೆ. ನನಗೆ ಉತ್ಸಾಹ ಏರಿಬಿಟ್ಟಿತು. ಅಷ್ಟರಲ್ಲಿ “ಕೋಕುತ್ಸು-ದಾಚಿ!” ಅಂದರು ನೋಡಿ, ತಲೆಯೆಲ್ಲ ಖಾಲಿ. ಗಾಡಿಯೋ, ನಾಯಿಯೋ? ಗಾಡಿಯೋ, ನಾಯಿಯೋ? ಪಕ್ಕದಿಂದ ಅತ್ತೆ ತುಟಿ ಅಲ್ಲಾಡಿಸದೆ, “ಹಿಂದಕ್ಕೆ ಕಣೇ, ಹಿಂದಕ್ಕೆ,” ಅಂದರು. ಒರಗಿದೆ. ಬದುಕಿದೆ. ಹಿರಿಯ ಪರೀಕ್ಷಕಿ ನಮ್ಮ ಕಡೆ ಒಮ್ಮೆ ತಿರುಗಿ ನೋಡಿದರು.

ಎರಡನೆಯ ಭಾಗ ಕಟಾ. ಎದುರಾಳಿ ಇದ್ದಾನೆ ಎಂದುಕೊಂಡು, ಗೊತ್ತುಮಾಡಿದ ಕ್ರಮದಲ್ಲಿ ಹೆಜ್ಜೆ, ಹೊಡೆತ, ತಡೆ ಎಲ್ಲವನ್ನೂ ಒಂದೇ ಓಟದಲ್ಲಿ ಮಾಡಿ ತೋರಿಸುವುದು. ಇದರಲ್ಲಿ ನಾನು ಎತ್ತಿದ ಕೈ. ಹೆಸರು ಬೇಕಿಲ್ಲ, ಮೈಗೆ ಎಲ್ಲ ಗೊತ್ತು. “ಹಾಜಿಮೆ!” ಅಂದರು, ಅಂದರೆ ಶುರು. ಎಲ್ಲ ಶಾಲೆಯವರೂ ಒಟ್ಟಿಗೆ ತಿರುಗಿದೆವು, ತಡೆದೆವು, ಗುದ್ದಿದೆವು. ಬಟ್ಟೆಗಳು ಫಟ್ ಫಟ್ ಅನ್ನುತ್ತಿದ್ದವು. ಆಮೇಲೆ ಬಂತು ನೇರ ಓಟ: ಝೆನ್‌ಕುತ್ಸುವಿನಲ್ಲಿ ಮುಂದೆ, ಮತ್ತೆ ಮುಂದೆ, ಕೊನೆಯ ಹೆಜ್ಜೆಗೆ ಬಲಗಾಲು ಮುಂದಿಟ್ಟು ಗುದ್ದಿ, ಹೊಟ್ಟೆಯಾಳದಿಂದ ಕಿಯಾಯ್ ಎಂದು ಕೂಗುವುದು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ.

ಕೂಗು ಅಡಗಿದ ಮೇಲೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಸಭಾಂಗಣದ ಅತ್ತ ಕಡೆಯವರೆಲ್ಲ ಒಂದು ಹೆಜ್ಜೆ ಮುಂದೆ ಇದ್ದರು, ದೊಡ್ಡದಾಗಿ ಚಾಚಿಕೊಂಡು, ಝೆನ್‌ಕುತ್ಸುವಿನಲ್ಲಿ. ಇತ್ತ ಕಡೆ ನಾವು, ಟೈರು ಗೋಡೌನಿನವರು, ಅತ್ತೆ, ನಾನು, ಎಲೆಕ್ಟ್ರಿಷಿಯನ್, ಎಲ್ಲರೂ, ಒಬ್ಬರೂ ಬಿಡದ ಹಾಗೆ, ಮುಂದಿನ ಪಾದ ಹಿಂದಕ್ಕೆಳೆದುಕೊಂಡು, ಹಿಮ್ಮಡಿ ಎತ್ತಿಕೊಂಡು, ಮುದ್ದಾಗಿ ನಿಂತಿದ್ದೆವು. ಬೆಕ್ಕುಗಳು! ಖಾಲಿ ನೆಲದ ನಟ್ಟನಡುವೆ ಒಂದು ಸಾಲು ಬೆಕ್ಕುಗಳು!

“ಯಾಮೆ,” ಅಂದರು ಪರೀಕ್ಷಕಿ. ನಿಲ್ಲಿಸಿ ಎಂದರ್ಥ. ನಮ್ಮ ಸಾಲಿನ ಎದುರು ಬಂದು ನಿಂತರು. “ಈ ಕಟಾದಲ್ಲಿ ನೆಕೋಆಶಿ ಇಲ್ಲ. ಎಲ್ಲಿಂದ ತಂದ್ರಿ?”

ಎಲ್ಲರೂ ಟೈರ್ ಮೇಷ್ಟ್ರ ಕಡೆ ತಿರುಗಿದೆವು. ಗೋಡೆಗೆ ಒರಗಿ ನಿಂತಿದ್ದ ಅವರ ಮುಖ ಸುಣ್ಣ ಬಳಿದ ಹಾಗಾಗಿತ್ತು. ಅವರು ಎರಡೂ ಕೈಯಿಂದ ಗಾಳಿಯಲ್ಲಿ ಏನನ್ನೋ ತಬ್ಬಿ ಹಿಡಿದಂತೆ ತೋರಿಸಿ, “ಕಂಬ...” ಅಂದರು.

ಕಂಬ! ಕಂಬದ ವಿಷಯವನ್ನು ನಾನು ಇಷ್ಟು ಹೊತ್ತು ಹೇಳಲೇ ಇಲ್ಲ. ಬೇಕೆಂದು ಮುಚ್ಚಿಟ್ಟದ್ದಲ್ಲ, ಅದು ಅಲ್ಲಿದೆ ಅನ್ನುವುದು ನಮಗೇ ಮರೆತುಹೋಗಿತ್ತು. ಟೈರುಗಳ ನಡುವಿನ ಆ ಓಣಿಯ ಕೊನೆಯಲ್ಲಿ ಚಾವಣಿ ಹೊತ್ತ ಒಂದು ಸಿಮೆಂಟಿನ ಕಂಬವಿದೆ. ಜಾಗ ಇಲ್ಲದ್ದರಿಂದ ನಾವು ಒಬ್ಬೊಬ್ಬರಾಗಿ, ಬಾಗಿಲ ಬಳಿಯ ಅದೇ ಗೆರೆಯಿಂದ ಹೊರಟು ಕಟಾ ಮಾಡುತ್ತಿದ್ದೆವು. ಕೊನೆಯ ಹೆಜ್ಜೆಗೆ ಸರಿಯಾಗಿ ಕಂಬ ಎದುರಾಗುತ್ತಿತ್ತು. ಪೂರ್ತಿ ಝೆನ್‌ಕುತ್ಸು ಹಾಕಿದರೆ ಹಣೆ ಒಡೆಯುವುದೇ ಸೈ. ಎಂದೋ ಒಂದು ದಿನ ಮೇಷ್ಟ್ರು, “ಸದ್ಯಕ್ಕೆ ಇಲ್ಲೊಂದು ಬೆಕ್ಕು ಹಾಕ್ಕೊಳ್ಳಿ,” ಅಂದಿದ್ದರಂತೆ. ಹಾಕಿಕೊಂಡೆವು. ಮುಷ್ಟಿ ಕಂಬಕ್ಕೆ ಬೆರಳಷ್ಟು ದೂರದಲ್ಲಿ ನಿಲ್ಲುತ್ತಿತ್ತು. ವರ್ಷಗಳು ಕಳೆದವು, ಸದ್ಯಕ್ಕೆ ಅನ್ನುವುದು ಉದುರಿಹೋಯಿತು, ಬೆಕ್ಕು ಉಳಿಯಿತು. ಕೆಳಗಿನ ಬೆಲ್ಟುಗಳ ಪರೀಕ್ಷೆಯೆಲ್ಲ ಆ ಓಣಿಯಲ್ಲೇ ನಡೆದದ್ದರಿಂದ ಹೊರಗಿನವರು ಯಾರೂ ಅದನ್ನು ನೋಡಿರಲಿಲ್ಲ. ಮೇಷ್ಟ್ರೂ ಅದೇ ಕಂಬಕ್ಕೆ ತಲೆಬಾಗಿ ಬದುಕಿದವರು, ಪಾಪ, ಅವರಿಗಾದರೂ ಹೇಗೆ ಕಾಣಬೇಕು?

ಮೇಷ್ಟ್ರು ತಡವರಿಸುತ್ತ ಎಲ್ಲವನ್ನೂ ಹೇಳಿ ಮುಗಿಸಿದರು. ಬೇರೆ ಶಾಲೆಯವರು ಮುಖ ತಿರುಗಿಸಿಕೊಂಡು ನಗುತ್ತಿದ್ದರು. ಪರೀಕ್ಷಕಿ ನಗಲಿಲ್ಲ. ಆದರೆ ಅವರ ಕೆನ್ನೆಯೊಳಗೆ ಏನೋ ಅಲ್ಲಾಡಿದ್ದನ್ನು ನಾನು ಕಂಡೆ.

“ಅರ್ಧ ಗಂಟೆ ಬಿಡುವು,” ಅಂದರು. “ಆಮೇಲೆ ಈ ಸಾಲಿನವರು ಒಬ್ಬೊಬ್ಬರಾಗಿ ಮತ್ತೆ ಮಾಡ್ಬೇಕು. ಮತ್ತೆ ಬೆಕ್ಕು ಬಂತೋ, ಮುಂದಿನ ವರ್ಷ ಬನ್ನಿ. ಇನ್ನೊಂದು ಮಾತು.” ಅವರ ಕಣ್ಣು ಅತ್ತೆಯ ಮೇಲೆ, ಆಮೇಲೆ ನನ್ನ ಮೇಲೆ ಬಿತ್ತು. “ಇಲ್ಲಿ ಪಿಸುಗುಟ್ಟೋದು ನನಗೆ ಕೇಳಿಸ್ತಾ ಇದೆ. ಪರೀಕ್ಷೆ ನಡೀತಿರೋವಾಗ ಇನ್ನು ಯಾರಾದ್ರೂ ಇನ್ನೊಬ್ಬರಿಗೆ ಹೇಳಿಕೊಟ್ರೆ, ಹೇಳಿಕೊಟ್ಟವರ ಬೆಲ್ಟು ಹೋಗತ್ತೆ.”

ಹೊರಗಿನ ಕಾರಿಡಾರು ಹುಚ್ಚರ ಸಂತೆಯಾಯಿತು. ಎಲ್ಲರೂ ಒಟ್ಟಿಗೆ ಅಭ್ಯಾಸ ಶುರು ಮಾಡಿದೆವು. ಮುಂದೆ, ಮುಂದೆ, ಬೆಕ್ಕು. ಮುಂದೆ, ಮುಂದೆ, ಬೆಕ್ಕು! ತಲೆ ಬೇಡ ಅನ್ನುತ್ತದೆ, ಕಾಲು ಕೇಳುವುದಿಲ್ಲ. ಕಂಬವೇ ಇಲ್ಲದ ಜಾಗದಲ್ಲಿ ಪಾದ ತಾನೇ ತಾನಾಗಿ ಹಿಂದಕ್ಕೆ ಬರುತ್ತದೆ. ಎಲೆಕ್ಟ್ರಿಷಿಯನ್ ತನ್ನ ತೊಡೆಗೇ ಫಟೀರನೆ ಹೊಡೆದುಕೊಂಡ. ಮೇಷ್ಟ್ರು ಕೋಟು ಬಿಚ್ಚಿ ಕಿಟಕಿಗೆ ತೂಗುಹಾಕಿ, “ನನ್ನದೇ ತಪ್ಪು, ನನ್ನದೇ ತಪ್ಪು,” ಎಂದು ಅತ್ತಿಂದಿತ್ತ ಓಡಾಡುತ್ತಿದ್ದರು. ನನಗೆ ಕೋಪ ನೆತ್ತಿಗೇರಿತು. ಮೇಷ್ಟ್ರ ಮೇಲೆ, ಕಂಬದ ಮೇಲೆ, ನನ್ನ ಕಾಲಿನ ಮೇಲೆ, ಯಾರ ಮೇಲೆಂದು ಗೊತ್ತಿಲ್ಲ.

ಅತ್ತೆಯೊಬ್ಬರು ಗೋಡೆಗೆ ಒರಗಿ, ಮಂಡಿಯ ಮೇಲೆ ಐಸಿನ ಚೀಲ ಒತ್ತಿಕೊಂಡು ಸುಮ್ಮನೆ ನಮ್ಮನ್ನು ನೋಡುತ್ತಿದ್ದರು. ಕೊನೆಗೆ ಚಪ್ಪಾಳೆ ತಟ್ಟಿದರು.

“ನಿಲ್ಸಿ ಎಲ್ಲಾರೂ! ನೀವು ಬೆಕ್ಕು ಬೇಡ, ಬೆಕ್ಕು ಬೇಡ ಅಂತಿದೀರಿ. ಕಾಲಿಗೆ ಬೆಕ್ಕು ಅನ್ನೋದೊಂದೇ ಕೇಳಿಸ್ತಿದೆ. ಏನು ಬೇಕೋ ಅದರ ಹೆಸರು ಹೇಳಿ. ಹೆಜ್ಜೆ ಎತ್ತೋಕೆ ಮುಂಚೆ, ಬಾಯಿಬಿಟ್ಟು. ಝೆನ್‌ಕುತ್ಸು. ಝೆನ್‌ಕುತ್ಸು. ಝೆನ್‌ಕುತ್ಸು. ಅಷ್ಟೇ.”

“ಅತ್ತೆ, ಈಗ ಹೆಸರು ಬಾಯಿಪಾಠ ಮಾಡೋ ಹೊತ್ತಾ?”

“ನೀನೇ ಮೊದ್ಲು ಮಾಡು. ಬಾ ಇಲ್ಲಿ.”

ಹಲ್ಲು ಕಚ್ಚಿಕೊಂಡು ನಿಂತೆ. “ಝೆನ್‌ಕುತ್ಸು,” ಅಂದೆ, ಹೆಜ್ಜೆ ಇಟ್ಟೆ. “ಝೆನ್‌ಕುತ್ಸು,” ಇನ್ನೊಂದು ಹೆಜ್ಜೆ. ಕೊನೆಯದಕ್ಕೆ ಪಾದ ಆಗಲೇ ಹಿಂದಕ್ಕೆ ಜಗ್ಗುತ್ತಿತ್ತು. “ಝೆನ್‌ಕುತ್ಸು!” ಅಂದುಬಿಟ್ಟೆ. ಕಾಲು ಗಾಳಿಯಲ್ಲಿ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಧಡ್ ಎಂದು ಮುಂದೆ ಹೋಗಿ ಕೂತಿತು. ಕಾರಿಡಾರಿನವರೆಲ್ಲ ಹೋ ಎಂದರು. ನನಗೆ ನಂಬಲಾಗಲಿಲ್ಲ. ಮತ್ತೆ ಮಾಡಿದೆ, ಮತ್ತೆ ಹೋಯಿತು. ಕರೆದರೆ ಓ ಅನ್ನುತ್ತಿತ್ತು! ಅತ್ತೆಯ ಮುಖದಲ್ಲಿ ಅದೆಂಥ ಜಂಬ, ನೋಡಬೇಕಿತ್ತು. ಸ್ವಲ್ಪ ಹೊತ್ತಿನಲ್ಲಿ ಇಡೀ ಕಾರಿಡಾರು ಝೆನ್‌ಕುತ್ಸು ಝೆನ್‌ಕುತ್ಸು ಎಂದು ಗುಂಯ್‌ಗುಡುತ್ತಿತ್ತು. ಕಸ ಗುಡಿಸುವಾಕೆ ಪೊರಕೆ ಹಿಡಿದು ನಿಂತು ನೋಡಿ, ಇನ್ನೊಂದು ಬಾಗಿಲಿನಿಂದ ಹೋಗಿಬಿಟ್ಟಳು.

“ನೀವೂ ಒಂದ್ಸಲ ಮಾಡಿ ನೋಡಿ ಅತ್ತೆ,” ಅಂದೆ.

“ನಾನು ಮಾಡಲ್ಲ.”

“ಯಾಕೆ?”

“ಬೆಕ್ಕು ಹಾಕ್ದಾಗ ಭಾರ ಎಡಗಾಲಿಗೆ ಹೋಗ್ತಿತ್ತು. ಈ ಕೊನೇ ಹೆಜ್ಜೇಲಿ ಪೂರ್ತಿ ಭಾರ ಬಲಮಂಡಿ ಮೇಲೆ, ಅದೂ ಓಡ್ಕೊಂಡು ಬಂದು. ಅಂಥದ್ದು ಎಷ್ಟು ಉಳಿದಿದೆಯೋ ನನ್ನ ಹತ್ರ. ಇಲ್ಲಿ ಖರ್ಚು ಮಾಡಲ್ಲ.”

ನನ್ನ ಉತ್ಸಾಹ ಜರ್ರನೆ ಇಳಿಯಿತು. ಎಲ್ಲರಿಗೂ ಉಪಾಯ ಹೇಳಿಕೊಟ್ಟವರು ತಾವು ಒಮ್ಮೆಯೂ ಪ್ರಯತ್ನಿಸದೆ ಒಳಗೆ ಹೋಗುತ್ತಿದ್ದರು.

ನನ್ನ ಸರದಿ ಅವರಿಗಿಂತ ಮೊದಲು ಬಂತು. ಅಷ್ಟು ದೊಡ್ಡ ಸಭಾಂಗಣದಲ್ಲಿ ಒಬ್ಬಳೇ. ಕಟಾ ಮಾಡುವವರು ಕಿಯಾಯ್ ಬಿಟ್ಟು ಬೇರೆ ಸದ್ದು ಮಾಡುವಂತಿಲ್ಲ, ಹಾಗಾಗಿ ಹೆಸರನ್ನು ಬಾಯೊಳಗೇ ಹೇಳಿಕೊಂಡೆ. ತಿರುಗಿದೆ, ತಡೆದೆ, ನೇರ ಓಟಕ್ಕೆ ಬಂದೆ. ಝೆನ್‌ಕುತ್ಸು. ಝೆನ್‌ಕುತ್ಸು. ಎದುರಿಗೆ ಕಂಬ ಬಂದೇಬಿಟ್ಟಿತು ಅನ್ನಿಸಿ ಕಣ್ಣು ಮುಚ್ಚಿಹೋಯಿತು, ನಿಜವಾಗಿಯೂ. ಝೆನ್‌ಕುತ್ಸು! ಕಣ್ಣು ಬಿಟ್ಟಾಗ ನನ್ನ ಮುಷ್ಟಿ ಚಾಚಿತ್ತು, ಹಿಂದಿನ ಕಾಲು ಬಿಗಿದ ದಾರದಂತೆ ನೆಟ್ಟಗಿತ್ತು, ಮುಂದೆ ಏನೂ ಇರಲಿಲ್ಲ. ನಾನು ಕಿರುಚಿದ ಕಿಯಾಯ್ ಗ್ಯಾಲರಿಯವರೆಗೂ ಹೋಯಿತು. ಉಳಿದ ಕಟಾ ಮುಗಿಸಿ ತಲೆಬಾಗಿದೆ. ಪರೀಕ್ಷಕಿ ತಲೆಯಾಡಿಸಿ, “ಪಾಸ್. ಕೊನೆಯಲ್ಲಿ ಬೆಲ್ಟ್ ಕೊಡ್ತೀನಿ, ಅಲ್ಲಿ ನಿಲ್ಲಿ,” ಅಂದರು. ನಾನು ನಡೆದು ಹೋದೆನೋ ತೇಲಿ ಹೋದೆನೋ ಗೊತ್ತಿಲ್ಲ. ಗೋಡೆಯ ಬಳಿ ಹೋಗಿ ಮೇಷ್ಟ್ರ ಪಕ್ಕ ನಿಂತೆ.

ಆಮೇಲೆ ಅತ್ತೆ ಬಂದರು. ಎಲ್ಲರಿಗಿಂತ ನೆಟ್ಟಗೆ ನಡೆದು ಬಂದರು. ತಲೆಬಾಗಿ, ಶುರು ಮಾಡಿದರು. ನಮ್ಮ ಹಾಗೆ ಧಡಬಡ ಇಲ್ಲ. ಪ್ರತಿ ನಿಲುವೂ ಅದರದರ ಜಾಗದಲ್ಲಿ, ಹೆಸರು ಕೇಳಿಸುವಷ್ಟು ಸ್ಪಷ್ಟ. ಬೇರೆ ಶಾಲೆಯವರು ಮಾತು ನಿಲ್ಲಿಸಿ ನೋಡತೊಡಗಿದರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಹೆಂಗಸನ್ನು ನಾನು ದೂರದಿಂದ ನಿಂತು ನೋಡಿದ್ದೇ ಇಲ್ಲ.

ನೇರ ಓಟ ಬಂತು. ಮುಂದೆ. ಮತ್ತೆ ಮುಂದೆ. ಕೊನೆಯ ಹೆಜ್ಜೆ ಬಾಕಿ ಇರುವಾಗ ಅತ್ತೆ ನಿಂತುಬಿಟ್ಟರು.

ಎಡಗಾಲು ಮುಂದೆ, ಬಲಗಾಲು ಹಿಂದೆ, ಮುಷ್ಟಿ ಸೊಂಟದಲ್ಲಿ. ಅಲ್ಲಾಡುತ್ತಿಲ್ಲ. ಕಟಾದಲ್ಲಿ ಅಲ್ಲಿ ನಿಲ್ಲುವಂತೆಯೇ ಇಲ್ಲ. ಮರೆತರೋ? ಕಂಬ ಕಂಡಿತೋ? ಹೋಗಿ ಅತ್ತೆ, ಹೋಗಿ, ಎಂದು ಒಳಗೊಳಗೇ ಬೇಡಿಕೊಂಡೆ. ಇನ್ನೊಂದು ಕ್ಷಣ ಹೀಗೇ ಹೋದರೆ ಪರೀಕ್ಷಕಿ ಯಾಮೆ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು, ಬರುವ ವರ್ಷವಿಲ್ಲ, ಯಾವ ವರ್ಷವೂ ಇಲ್ಲ. ಪರೀಕ್ಷಕಿಯ ಎಚ್ಚರಿಕೆ ನನಗೆ ನೆನಪಿತ್ತು, ಮರೆತೆ ಎಂದು ಸುಳ್ಳು ಹೇಳುವುದಿಲ್ಲ. ನೆನಪಿದ್ದೂ ಬಾಯಿ ತೆರೆಯಿತು.

“ಝೆನ್‌ಕುತ್ಸು ಅತ್ತೇ! ಝೆನ್‌ಕುತ್ಸು!”

ಬಲಗಾಲು ಮುಂದೆ ಬಂತು. ಎಂಥ ಹೆಜ್ಜೆ ಅದು! ಉದ್ದಕ್ಕೆ, ತಗ್ಗಿಗೆ, ಸವೆದ ಮಂಡಿ ಪೂರ್ತಿ ಬಗ್ಗಿ, ಹಿಂದಿನ ಕಾಲು ಕೋಲಿನ ಹಾಗೆ ನೆಟ್ಟಗೆ. ಮುಷ್ಟಿ ಹೊರಟಿತು. ಹಳೆಯ ಎಕ್ಸ್‌ಚೇಂಜಿನ ಆ ಗಂಟಲಿನಿಂದ ಬಂದ ಕಿಯಾಯ್‌ಗೆ ಗ್ಯಾಲರಿಯಲ್ಲಿ ಯಾರದೋ ಲೋಟ ಬಿದ್ದು ಉರುಳಿದ್ದು ಎಲ್ಲರಿಗೂ ಕೇಳಿಸಿತು. ಅತ್ತೆ ಉಳಿದ ಕಟಾವನ್ನು ಮುಗಿಸಿ, ಹಿಮ್ಮಡಿ ಕೂಡಿಸಿ, ತಲೆಬಾಗಿದರು.

ಪರೀಕ್ಷಕಿ ನೇರ ನನ್ನ ಬಳಿ ಬಂದರು. “ನಾನು ಏನು ಹೇಳಿದ್ದೆ?”

“ಹೇಳಿಕೊಟ್ರೆ ಹೇಳಿಕೊಟ್ಟವರ ಬೆಲ್ಟು ಹೋಗತ್ತೆ ಅಂತ.”

“ಹೋಯ್ತು,” ಅಂದರು. ಆದರೂ ನಾನು ಬಿಡಲಿಲ್ಲ. “ಅವರದ್ದು? ಮೇಡಂ, ಅವರದ್ದು ಏನಾಯ್ತು? ನಾನು ಕೂಗಿದ್ದಕ್ಕೆ ಅವರನ್ನ...”

“ನೀವು ಬಾಯಿ ನೋಡ್ತೀರಿ, ನಾನು ಪಾದ ನೋಡ್ತೀನಿ,” ಅಂದರು. “ನೀವು ಕೂಗೋಕೆ ಮುಂಚೆ ಅವರ ಹಿಮ್ಮಡಿ ನೆಲ ಬಿಟ್ಟಾಗಿತ್ತು. ನಿಮ್ಮ ಕೂಗು ಅವರಿಗೆ ಬೇಕಿರ್ಲಿಲ್ಲ. ಅವರು ಪಾಸ್.”

ನಾನು ಪೆಚ್ಚಾಗಿ ನಿಂತೆ. ಅಂದರೆ ನಾನು ಬೆಲ್ಟನ್ನು ಸುಮ್ಮಸುಮ್ಮನೆ ನೀರಿಗೆ ಹಾಕಿದ್ದೆ! ಅಳಬೇಕೋ ಕುಣಿಯಬೇಕೋ ತಿಳಿಯಲಿಲ್ಲ. ಕುಣಿಯೋಣ ಅನ್ನಿಸಿದ್ದೇ ಹೆಚ್ಚು. ಪರೀಕ್ಷಕಿ ಕಪ್ಪು ಬೆಲ್ಟು ತಂದು ಅತ್ತೆಯ ಸೊಂಟಕ್ಕೆ ತಮ್ಮ ಕೈಯಿಂದಲೇ ಕಟ್ಟಿದರು. ಸೊಸೆಗಿಲ್ಲದ ಬೆಲ್ಟು ನನಗೂ ಬೇಡ ಎಂದು ಅತ್ತೆ ಹೇಳುತ್ತಾರೇನೋ ಎಂದು ಒಂದು ಕ್ಷಣ ಕಾದೆ. ಅತ್ತೆ ಅಂಥ ಹೆಂಗಸಲ್ಲ. “ಸ್ವಲ್ಪ ಬಿಗಿಯಾಗೇ ಕಟ್ಟಿ,” ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು, ಎಲ್ಲರಿಗಿಂತ ಜೋರಾಗಿ ನಾನು.

ಅತ್ತೆ ಸಭಾಂಗಣದ ಬಾಗಿಲವರೆಗೂ ತಲೆಯೆತ್ತಿ ನಡೆದರು. ಬಾಗಿಲು ಹಿಂದೆ ಮುಚ್ಚಿದ್ದೇ ತಡ, ನನ್ನ ಭುಜ ಗಬಕ್ಕನೆ ಹಿಡಿದರು. ಮೈಭಾರವೆಲ್ಲ ನನ್ನ ಮೇಲೆ ಬಿತ್ತು. ಬಲಗಾಲು ನೆಲಕ್ಕೆ ಊರಲು ಆಗುತ್ತಿರಲಿಲ್ಲ.

“ಯಾಕತ್ತೆ ಅಲ್ಲಿ ನಿಂತ್ರಿ? ನನ್ನ ಪ್ರಾಣ ಹೋಗಿತ್ತು!”

“ಮಂಡಿ ಚುಳ್ ಅಂತು. ಅದಕ್ಕೆ ಸಮಾಧಾನ ಹೇಳ್ತಿದ್ದೆ. ಇದೊಂದು ಹೆಜ್ಜೆ ತಡ್ಕೋ, ಆಮೇಲೆ ನಿನ್ನ ಬಿಟ್ಬಿಡ್ತೀನಿ, ಇಷ್ಟು ವರ್ಷ ದುಡಿದಿದೀಯ ಅಂತ. ಮಾತು ಮುಗಿಯೋದ್ರೊಳಗೆ ನೀನು ಬಾಯಿ ಹಾಕ್ದೆ.”

ನನಗೆ ಅಳು ಬಂದೇಬಿಟ್ಟಿತು. ಅವರು ನೋಡಿಯೂ ನೋಡದ ಹಾಗೆ ಹೆಗಲ ಮೇಲಿನ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದರು. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿಯುತ್ತಿರುವಾಗ ನನ್ನ ಗಂಡ ಫ್ಲಾಸ್ಕು, ದಿಂಬು ಎಲ್ಲ ಎದೆಗವುಚಿಕೊಂಡು ಮೇಲಿನಿಂದ ಓಡೋಡಿ ಬಂದರು.

“ಅಲ್ವೇ, ನಿನಗೇನು ತಲೆ ಕೆಟ್ಟಿತ್ತಾ?” ಎಂದು ನನ್ನ ಮೇಲೆ ಹರಿಹಾಯ್ದರು. “ಕೈಗೆ ಬಂದಿದ್ದನ್ನ ಬಿಟ್ಯಲ್ಲ! ಅಷ್ಟು ಜನರ ಮಧ್ಯೆ ಯಾಕೆ ಹಾಗೆ ಕಿರುಚಿದ್ದು?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮೆಟ್ಟಿಲ ಮೇಲೆ ನಿಂತು ಮಗನ ಕಡೆ ತಿರುಗಿದರು.

“ಕಿರುಚಿದ್ರೆ ಕಿರುಚ್ಲಿ ಬಿಡೋ,” ಅಂದರು. “ನಿನಗೋಸ್ಕರ ಯಾರಾದ್ರೂ ಹಾಗೆ ಕಿರುಚಿದಾರಾ?”